ಹನ್ನೆರಡನೇ ಹಾಸಿಗೆಯ ಬ್ಲೇಡು

ಆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕಳೆದ ಹನ್ನೊಂದು ವರ್ಷಗಳಲ್ಲಿ ಒಬ್ಬರೂ ಬೆರಳು ಕೊಯ್ದುಕೊಂಡಿರಲಿಲ್ಲ. ಈ ಸಂಗತಿಯನ್ನು ಆಡಳಿತ ಕಚೇರಿಯು ಅತ್ಯಂತ ಗಂಭೀರವಾಗಿ ಪರಿಗಣಿಸಿತು. ಅಪಘಾತಗಳ ರಿಜಿಸ್ಟರಿನಲ್ಲಿ ಅಡುಗೆಮನೆಯ ಪುಟ ಖಾಲಿ ಬಿದ್ದಿದೆಯೆಂದರೆ, ಒಂದೋ ಅಲ್ಲಿ ಅಪಘಾತಗಳು ಕ್ರಮಬದ್ಧವಾಗಿ ನಡೆಯುತ್ತಿಲ್ಲ, ಇಲ್ಲವೇ ಯಾರೋ ಬರೆಯದೆ ಮುಚ್ಚಿಡುತ್ತಿದ್ದಾರೆ. ಎರಡೂ ತಪ್ಪು. ಆದ್ದರಿಂದ ಸುರಕ್ಷಾಧಿಕಾರಿಯೊಬ್ಬರನ್ನು ತಪಾಸಣೆಗೆ ಕಳಿಸಲಾಯಿತು.

ಅಡುಗೆಮನೆ ನೋಡಿಕೊಳ್ಳುತ್ತಿದ್ದವಳನ್ನು ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಆ ಹೊತ್ತಿಗೆ ಅಕ್ಕ ಹನ್ನೊಂದನೇ ಹಾಸಿಗೆಯ ಬಸ್ ಡ್ರೈವರಿಗೆ ಸೂಪು ಮಾಡುತ್ತಿದ್ದಳು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ ಅದಕ್ಕೊಂದು ಗೀರು ಬೀಳಿಸದ ಪುಣ್ಯಾತ್ಮ, ಸ್ವಂತ ಮನೆಯ ಮೆಟ್ಟಿಲ ಮೇಲೆ ಜಾರಿ ದವಡೆ ಮುರಿದುಕೊಂಡಿದ್ದ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದರು. ಆರು ವಾರ ಸ್ಟ್ರಾದಲ್ಲಿ ಹೀರಿದ್ದೇ ಊಟ. ಒಂದು ಬೇಳೆ ಅಡ್ಡ ಬಂದರೂ ಸ್ಟ್ರಾ ಕಟ್ಟಿಕೊಳ್ಳುತ್ತಿತ್ತು. ತೂಕ ಐವತ್ತು ಕಿಲೋಗಿಂತ ಇಳಿದರೆ ಮೂಗಿನಲ್ಲಿ ನಳಿಗೆ ಹಾಕುತ್ತೇವೆ ಅಂದಿದ್ದರು ದೊಡ್ಡ ಡಾಕ್ಟರು. ಡ್ರೈವರಿಗೆ ಆ ನಳಿಗೆ ಅಂದರೆ ಜೀವವೇ ಬಾಯಿಗೆ ಬರುತ್ತಿತ್ತು, ಬಾಯಿ ತೆರೆಯಲಾಗದಿದ್ದರೂ.

"ಹೆದರ್ಬೇಡ ಕಣಪ್ಪಾ, ನಾನಿರೋವರೆಗೂ ನಿನ್ನ ಮೂಗಿಗೆ ಯಾರೂ ಕೈ ಹಾಕಲ್ಲ" ಎಂದು ಅಕ್ಕ ಮಾತು ಕೊಟ್ಟಿದ್ದಳು.

ಆ ಮಾತು ನಿಂತಿದ್ದು ಒಂದು ಹ್ಯಾಂಡ್ ಬ್ಲೆಂಡರಿನ ಮೇಲೆ. ಅದನ್ನು ತೂಗುಹಾಕಿದ ಮೊಳೆಯ ಪಕ್ಕದಲ್ಲಿ ಒಂದು ರಟ್ಟು, ರಟ್ಟಿನ ಮೇಲೆ ಅಕ್ಕನ ದುಂಡು ಅಕ್ಷರ: "ಬ್ಲೇಡು ಸೂಪಲ್ಲಿ ಮುಳುಗಿದ ಮೇಲೆ ಗುಂಡಿ ಒತ್ತು. ನಿಂತ ಮೇಲೆ ಎತ್ತು. ಪ್ಲಗ್ ಕಿತ್ತ ಮೇಲೆ ಮುಟ್ಟು. ಬ್ಲೇಡಿಗೆ ಬ್ರಷ್ಷು, ಬೆರಳಲ್ಲ. ಮೋಟಾರಿಗೆ ಒದ್ದೆ ಬಟ್ಟೆ, ನೀರಲ್ಲ. ಮೀರಿದೋರಿಗೆ ನನ್ನ ಬಾಯಿ." ಹನ್ನೊಂದು ವರ್ಷಗಳ ಖಾಲಿ ಪುಟಕ್ಕೆ ಇಷ್ಟೇ ಕಾರಣ. ಬೆರಳುಗಳು ಬ್ಲೇಡಿಗಿಂತ ಅಕ್ಕನ ಬಾಯಿಗೆ ಹೆಚ್ಚು ಹೆದರಿದ್ದವು.

ಸುರಕ್ಷಾಧಿಕಾರಿಗಳು ಬಂದರು, ಸುತ್ತ ನೋಡಿದರು, ಬ್ಲೆಂಡರ್ ಕೈಗೆತ್ತಿಕೊಂಡರು. ಬ್ಲೇಡಿನಲ್ಲಿ ಒಂದು ಚೂರು ಕ್ಯಾರೆಟ್ ಸಿಕ್ಕಿಕೊಂಡಿತ್ತು. ಪ್ಲಗ್ಗು ಗೋಡೆಯಲ್ಲೇ ಇತ್ತು. ಅವರ ಎಡಗೈ ಹೆಬ್ಬೆರಳು ಗುಂಡಿಯ ಮೇಲೆ, ಬಲಗೈ ತೋರುಬೆರಳು ಕ್ಯಾರೆಟ್ಟಿನ ಕಡೆಗೆ.

"ಅಯ್ಯಯ್ಯೋ! ಕೈ ತೆಗೀರಿ ಸ್ವಾಮಿ!" ಅಂದವಳೇ ಅಕ್ಕ ಒಂದು ಕೈಯಲ್ಲಿ ಪ್ಲಗ್ ಕಿತ್ತಳು, ಇನ್ನೊಂದು ಕೈಯಲ್ಲಿದ್ದ ಸೌಟಿನಿಂದ ಅವರ ಮಣಿಕಟ್ಟಿಗೆ ಪಟ್ಟನೆ ಕೊಟ್ಟಳು.

ಅಧಿಕಾರಿಗಳು ಮಣಿಕಟ್ಟು ಉಜ್ಜಿಕೊಂಡರು. "ನೋಡಿದ್ರಾ? ಬೆರಳು ಹೋಗ್ತಿತ್ತು."

"ಹೋಗ್ತಿತ್ತು. ನಿಮ್ದು."

"ಯಾರ್ದು ಅನ್ನೋದು ಮುಖ್ಯ ಅಲ್ಲಮ್ಮಾ. ಬೆರಳು ಮುಖ್ಯ."

ಅವರು ವರದಿಯಲ್ಲಿ ಹೀಗೆ ಬರೆದರು: "ತಪಾಸಣೆಯ ವೇಳೆ ಒಂದು ಬೆರಳು ಅಪಾಯಕ್ಕೆ ಒಳಗಾಗಿದ್ದು, ಅಧಿಕಾರಿಗಳ ಸಮಯಪ್ರಜ್ಞೆಯಿಂದ ಪಾರಾಗಿರುತ್ತದೆ. ಸೌಟಿನ ಪಾತ್ರದ ಕುರಿತು ಪ್ರತ್ಯೇಕ ವರದಿ ಸಲ್ಲಿಸಲಾಗುವುದು."

ಮೂರನೇ ದಿನ ಪ್ರಕಟಣೆ ಹೊರಬಿತ್ತು. ಹ್ಯಾಂಡ್ ಬ್ಲೆಂಡರ್ ಎಂಬುದು ಒಂದು ವಸ್ತುವಲ್ಲ, ಹಲವು ವಸ್ತುಗಳು ಸೇರಿ ಮಾಡಿಕೊಂಡ ಅಕ್ರಮ ಕೂಟ ಎಂದು ಆ ವರದಿ ಓದಲು ಕೂತ ಸಮಿತಿಯು ಕಂಡುಕೊಂಡಿತ್ತು. ಆದಕಾರಣ ಮೋಟಾರಿನ ಹಿಡಿಯನ್ನು ವಿದ್ಯುತ್ ವಿಭಾಗಕ್ಕೂ, ಅಳತೆಯ ಲೋಟವನ್ನು ಉಗ್ರಾಣಕ್ಕೂ, ಕೆನೆ ಕಡೆಯುವ ತಂತಿಯನ್ನು ತಂತಿಯೆಂಬ ಕಾರಣಕ್ಕೆ ಮೂಳೆ ವಿಭಾಗಕ್ಕೂ, ಬ್ಲೇಡನ್ನು ಹರಿತವೆಂಬ ಕಾರಣಕ್ಕೆ ಶಸ್ತ್ರಚಿಕಿತ್ಸಾ ವಿಭಾಗಕ್ಕೂ ಒಪ್ಪಿಸತಕ್ಕದ್ದು. ಅಡುಗೆಮನೆಗೆ ರಟ್ಟು ಉಳಿಯಿತು. ಮರುದಿನ ಅದನ್ನೂ ಅನಧಿಕೃತ ಬರಹವೆಂದು ಬಿಚ್ಚಿಕೊಂಡು ಹೋದರು.

ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಒಂದು ಶಿಸ್ತಿತ್ತು. ಅಲ್ಲಿಗೆ ಒಳಗಿನಿಂದ ಬಂದದ್ದು ಉಪಕರಣ, ಹೊರಗಿನಿಂದ ಬಂದದ್ದು ರೋಗಿ. ಮೂರನೆಯ ಜಾತಿ ಇಲ್ಲ. ಬ್ಲೇಡು ಹೊರಗಿನಿಂದ ಬಂದಿತ್ತು. ಗುಮಾಸ್ತರು ದಾಖಲಾತಿ ಫಾರಂ ತುಂಬಿದರು. ಹೆಸರು: ಬ್ಲೇಡ್. ವಯಸ್ಸು: ನಾಲ್ಕು. ತೊಂದರೆ: ಕ್ಯಾರೆಟ್ ಸಿಕ್ಕಿಕೊಂಡಿರುವುದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಹಾಸಿಗೆ ಸಂಖ್ಯೆ ಹನ್ನೆರಡನ್ನು ಕೊಟ್ಟು, ಬಿಳಿ ಹೊದಿಕೆ ಹೊದಿಸಿ ಮಲಗಿಸಿಯೂ ಬಿಟ್ಟರು. ಪಕ್ಕದ ಹಾಸಿಗೆಯಲ್ಲಿ ಬಸ್ ಡ್ರೈವರು.

ಈಚೆ ಅಕ್ಕ ಬೆಂದ ಬೇಳೆ, ಕುಂಬಳಕಾಯಿಯನ್ನು ಸೌಟಿನ ಬೆನ್ನಲ್ಲಿ ಅರೆದಳು, ಬಟ್ಟೆಯಲ್ಲಿ ಹಿಂಡಿದಳು, ರಟ್ಟೆ ಬಿದ್ದುಹೋಗುವಷ್ಟು ತಿಕ್ಕಿದಳು. ಆದರೂ ಸ್ಟ್ರಾ ಕಟ್ಟಿಕೊಂಡಿತು. ಹಿಂಡಿದ ತಿಳಿನೀರು ಕುಡಿದು ಡ್ರೈವರ್ ಐವತ್ನಾಲ್ಕರಿಂದ ಐವತ್ತೊಂದಕ್ಕೆ ಇಳಿದ. ಒಂದು ಮಧ್ಯಾಹ್ನ ಹಾಳೆಯ ಮೇಲೆ ಬರೆದು ತೋರಿಸಿದ: "ಅಕ್ಕಾ, ನಳಿಗೆ ನಾಳೆಯಾ, ನಾಡಿದ್ದಾ?"

ಅಕ್ಕ ಸೀರೆ ಸೆರಗು ಸಿಕ್ಕಿಸಿಕೊಂಡು ಹೊರಟಳು. ವಿದ್ಯುತ್ ವಿಭಾಗದವರು ಮೋಟಾರನ್ನು ಮಾತಿಲ್ಲದೆ ಕೊಟ್ಟರು, ಬ್ಲೇಡಿಲ್ಲದ ಮೋಟಾರಿನಿಂದ ಅಪಾಯವಿಲ್ಲ ಎಂದು ಬರೆಸಿಕೊಂಡು. ಉಗ್ರಾಣದವರು ಲೋಟ ಕೊಟ್ಟರು. ಶಸ್ತ್ರಚಿಕಿತ್ಸೆಯವರು ಮಾತ್ರ ಬೆಚ್ಚಿಬಿದ್ದರು.

"ಒಳರೋಗೀನ ಅಡುಗೆಗೆ ಕೊಡಿ ಅಂತೀರಲ್ಲಮ್ಮಾ! ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ಅಕ್ಕ ಅಡುಗೆಮನೆಗೆ ಮರಳಿದರೆ, ಅಂದಿನ ಪಥ್ಯದ ಪಟ್ಟಿ ಹಿಡಿದು ವಾರ್ಡಿನ ಸಿಸ್ಟರ್ ನಿಂತಿದ್ದಳು. ಹಾಸಿಗೆ ಹನ್ನೊಂದು, ದ್ರವಾಹಾರ. ಹಾಸಿಗೆ ಹನ್ನೆರಡು, ದ್ರವಾಹಾರ.

"ಏನ್ ಸಿಸ್ಟರ್ ಇದು? ಹನ್ನೆರಡಕ್ಕೂ ಸೂಪಾ?"

"ಒಳರೋಗಿ ಅಂದ್ಮೇಲೆ ಊಟ ಬೇಡ್ವಾ ಅಕ್ಕಾ? ಹಲ್ಲೇನೋ ಚೂಪಾಗಿವೆ, ಆದ್ರೆ ಬಾಯಿ ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ. ಯಾವ್ದಕ್ಕೂ ಇರ್ಲಿ ಅಂತ ದ್ರವಾಹಾರ ಬರೆದೆ."

ಅಕ್ಕ ಅವಳ ಮುಖವನ್ನೇ ನೋಡಿದಳು. ಸಿಸ್ಟರ್ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಅವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರಬೇಕು ಎಂಬುದು ಅಕ್ಕನಿಗೆ ಆ ಗಳಿಗೆಯಲ್ಲೇ ಹೊಳೆಯಿತು.

"ಅಲ್ಲಾ, ರೋಗಿಗಳನ್ನ ಮನೆಯವರು ಗಾಳಿಗೆ ಅಂತ ಹೊರಗೆ ಕರ್ಕೊಂಡು ಹೋಗ್ಬಹುದಲ್ವಾ?"

"ಓಹೋ. ದಿನಕ್ಕೆ ಮೂರು ಸಲ, ಅರ್ಧರ್ಧ ಗಂಟೆ. ಹತ್ತಿರದ ಸಂಬಂಧಿಕರು ಸಹಿ ಹಾಕ್ಬೇಕು."

"ಕೊಡು ಪೆನ್ನು."

"ಅವನು ನಿಮಗೆ ಏನಾಗ್ಬೇಕು?"

"ತಮ್ಮ" ಅಂದಳು ಅಕ್ಕ. ಒಡಹುಟ್ಟಿದ ತಮ್ಮನಿಗೂ ಅವಳು ಅಷ್ಟು ಖುಷಿಯಿಂದ ಯಾವ ಸಹಿಯನ್ನೂ ಹಾಕಿರಲಿಲ್ಲ.

ನಿಯಮದ ಪ್ರಕಾರ ಒಳರೋಗಿಯು ಗಾಲಿಕುರ್ಚಿಯಲ್ಲೇ ಹೋಗಬೇಕು. ಹೊದಿಕೆ ಹೊದ್ದ ಬ್ಲೇಡು ಗಾಲಿಕುರ್ಚಿಯಲ್ಲಿ ಕೂತು ಉದ್ದನೆಯ ಮೊಗಸಾಲೆ ದಾಟಿ ಅಡುಗೆಮನೆ ತಲುಪಿತು; ಎದುರು ಸಿಕ್ಕವರು ಬದಿಗೆ ಸರಿದು ದಾರಿ ಬಿಟ್ಟರು. ಅಕ್ಕ ಬಾಗಿಲು ಹಾಕಿದಳು. ಸೂಪು ಕುದಿ ಇಳಿದು ಬೆಚ್ಚಗಾಗುವವರೆಗೆ ಕಾದಳು. ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಕಲಿಲ್ಲ, ಬ್ಲೇಡು ಪೂರ್ತಿ ಮುಳುಗುವ ಮುನ್ನ ಗುಂಡಿ ಮುಟ್ಟಲಿಲ್ಲ. ತಡೆತಡೆದು ಒತ್ತಿದಳು, ಮೋಟಾರಿಗೆ ನಡುನಡುವೆ ಉಸಿರು ಕೊಟ್ಟಳು. ಸೂಪು ಬೆಣ್ಣೆಯಾಯಿತು. ಆಮೇಲೆ ಎತ್ತರದ ಪಾತ್ರೆಯಲ್ಲಿ ಬಿಸಿನೀರು, ಒಂದು ಹನಿ ಸೋಪು. ಅದರಲ್ಲಿ ನಾಲ್ಕು ಸುತ್ತು ತಿರುಗಿಸಿ, ಪ್ಲಗ್ ಕಿತ್ತು, ಬ್ಲೇಡಿನ ಕೋಲು ಬಿಚ್ಚಿ, ಬ್ರಷ್ಷಿನಲ್ಲಿ ತಿಕ್ಕಿ, ತೊಳೆದು, ಒಣಬಟ್ಟೆಯಲ್ಲಿ ಒತ್ತಿದಳು. ಇಪ್ಪತ್ತಾರನೇ ನಿಮಿಷಕ್ಕೆ ರೋಗಿ ಹಾಸಿಗೆಗೆ ಮರಳಿದ.

ಎರಡು ಲೋಟ ಸೂಪು ವಾರ್ಡಿಗೆ ಹೋಗುತ್ತಿತ್ತು, ಎರಡು ಖಾಲಿ ಲೋಟ ವಾಪಸು ಬರುತ್ತಿತ್ತು. ಡ್ರೈವರ್ ಹನ್ನೆರಡು ದಿನದಲ್ಲಿ ಐವತ್ತೈದಕ್ಕೆ ಏರಿದ.

ಆಗ ದೊಡ್ಡ ಡಾಕ್ಟರ ರೌಂಡ್ಸ್ ಬಂತು. ಹನ್ನೆರಡನೇ ಹಾಸಿಗೆಯ ಚಾರ್ಟನ್ನು ಅವರು ಗಟ್ಟಿಯಾಗಿ ಓದಿದರು: "ಊಟ ಪೂರ್ತಿ ಸೇರುತ್ತಿದೆ. ದಿನಕ್ಕೆ ಮೂರು ಸಲ ಸ್ನಾನ. ಜ್ವರವಿಲ್ಲ. ಭೇಷ್, ಇವತ್ತೇ ಡಿಸ್ಚಾರ್ಜ್ ಮಾಡಿ."

ಖಾಲಿ ಲೋಟ ಎತ್ತಿಕೊಳ್ಳಲು ಬಂದಿದ್ದ ಅಕ್ಕ ಲೋಟ ಅಲ್ಲೇ ಬಿಟ್ಟು ಮುಂದೆ ಬಂದಳು. ಡಿಸ್ಚಾರ್ಜ್ ಆದರೆ ಬ್ಲೇಡು ಮತ್ತೆ ಬರೀ ಹರಿತ ವಸ್ತು; ನೇರ ಶಸ್ತ್ರಚಿಕಿತ್ಸಾ ವಿಭಾಗದ ಬೀರುವಿನೊಳಗೆ, ಬೀಗದೊಳಗೆ. ಡ್ರೈವರಿಗೆ ಇನ್ನೂ ಎರಡು ವಾರ ತಂತಿ ಇತ್ತು. ಅವನು ಅಕ್ಕನನ್ನೇ ನೋಡುತ್ತ ಕೈಯಿಂದ ಮೂಗು ಮುಚ್ಚಿಕೊಂಡ.

"ಬೇಡ ಡಾಕ್ಟ್ರೇ! ತಮ್ಮಂಗೆ ಇನ್ನೂ ಪೂರ್ತಿ ವಾಸಿಯಾಗಿಲ್ಲ. ಒಂದ್ಸಲ ಎದೆ ನೋಡ್ಬಿಡಿ, ದಮ್ಮಯ್ಯ."

ಡಾಕ್ಟರು ಸ್ಟೆತಸ್ಕೋಪು ಇಟ್ಟರು. ಬಹಳ ಹೊತ್ತು ಆಲಿಸಿದರು. ಮುಖ ಸಣ್ಣದಾಯಿತು.

"ಏನೂ ಕೇಳಿಸ್ತಿಲ್ಲ. ಇದು ಒಳ್ಳೇ ಲಕ್ಷಣ ಅಲ್ಲಮ್ಮಾ. ನಿಗಾದಲ್ಲಿರ್ಲಿ. ನಾನು ಹೇಳೋವರೆಗೂ ಕಳಿಸ್ಬೇಡಿ."

ವರ್ಷದ ಕೊನೆಗೆ ಸುರಕ್ಷಾಧಿಕಾರಿಗಳಿಗೆ ಪ್ರಶಂಸಾಪತ್ರ ಸಿಕ್ಕಿತು. ಪ್ರಕಟಣೆಯ ನಂತರ ಅಡುಗೆಮನೆಯಲ್ಲಿ ಬ್ಲೆಂಡರಿನಿಂದ ಒಂದೇ ಒಂದು ಅಪಘಾತವೂ ಆಗಿರಲಿಲ್ಲ. ಅದಕ್ಕಿಂತ ಹಿಂದಿನ ಹನ್ನೊಂದು ವರ್ಷವೂ ಆಗಿರಲಿಲ್ಲ ಎಂಬುದು ಅನಧಿಕೃತ ಮಾಹಿತಿಯಾದ್ದರಿಂದ ಪರಿಗಣಿಸಲಿಲ್ಲ. ಅವರು ಸೌಜನ್ಯಕ್ಕೆ ಎರಡು ಸೇಬು ಹಿಡಿದು ಹನ್ನೆರಡನೇ ಹಾಸಿಗೆಯನ್ನು ನೋಡಲು ಬಂದರು. ಬ್ಲೇಡಿನಲ್ಲಿ ಏನೋ ಅಂಟಿಕೊಂಡಂತೆ ಕಂಡು ಬೆರಳು ಚಾಚಿದರು.

"ರೋಗೀನ ಮುಟ್ಟೋ ಹಾಗಿಲ್ಲ ಸಾರ್" ಎಂದಳು ಸಿಸ್ಟರ್. ಅವರು ಬೆರಳನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡರು.

ಅಷ್ಟು ಹೊತ್ತಿಗೆ ಡ್ರೈವರ್ ಮನೆಗೆ ಹೋಗಿ ತಿಂಗಳುಗಳೇ ಆಗಿದ್ದವು. ತಂತಿ ಬಿಚ್ಚಿದ ದಿನ ಅವನ ಬಾಯಿಂದ ಬಂದ ಮೊದಲ ಮಾತು ಪಕ್ಕದ ಹಾಸಿಗೆಗೆ: "ಬರ್ತೀನಪ್ಪಾ. ನಿನ್ನ ಊಟಾನೆಲ್ಲ ನಾನೇ ತಿಂದೆ, ಮನಸ್ಸಲ್ಲಿ ಇಟ್ಕೋಬೇಡ." ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು.

ಈಗ ಹನ್ನೊಂದನೇ ಹಾಸಿಗೆಗೆ ಒಂದು ಹಲ್ಲೂ ಇಲ್ಲದ ಅಜ್ಜಿ ಬಂದಿದ್ದರು. ಗಾಲಿಕುರ್ಚಿ ತಳ್ಳಿಕೊಂಡು ಬಂದ ಅಕ್ಕನನ್ನು ಕೇಳಿದರು:

"ಯಾರಮ್ಮಾ ಅದು, ಪಕ್ಕದಲ್ಲಿ ಮಲಗಿರೋದು?"

"ನನ್ನ ತಮ್ಮ ಅಜ್ಜೀ."

"ಪಾಪ. ಬೇಗ ವಾಸಿಯಾಗಿ ಮನೆಗೆ ಹೋಗ್ಲಿ."

"ಹಾಗನ್ಬೇಡಿ ಅಜ್ಜೀ. ಅವನು ಮನೆಗೆ ಹೋದ್ರೆ ನಿಮಗೆ ಊಟ ಇಲ್ಲ."

ಅಜ್ಜಿ ನಿಧಾನಕ್ಕೆ ಎದ್ದು ಕೂತು, ಕೈ ಚಾಚಿ, ಜಾರಿದ್ದ ಹೊದಿಕೆಯನ್ನು ಬ್ಲೇಡಿನ ಕುತ್ತಿಗೆವರೆಗೂ ಎಳೆದು ಸರಿ ಮಾಡಿದರು.

"ನೂರು ಕಾಲ ಹೀಗೇ ಮಲ್ಕೊಂಡಿರಪ್ಪಾ" ಎಂದು ಹರಸಿದರು.