ಐವತ್ತು ಪದಗಳಲ್ಲಿ ಸತ್ತ ಗಂಡ

ಯಜಮಾನರು ಕಲ್ಲು. ಇದನ್ನು ಮೆತ್ತಗೆ ಹೇಳಿ ಪ್ರಯೋಜನವಿಲ್ಲ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಒಂದು ತಪ್ಪನ್ನು ದಾಟಿ ಮುಂದೆ ಹೋದದ್ದಿಲ್ಲ, ಒಂದು ಒಳ್ಳೆಯ ಮಾತನ್ನು ಬಾಯಿಂದ ಹೊರಗೆ ಬಿಟ್ಟದ್ದೂ ಇಲ್ಲ. ಮದುವೆಯ ಕರೆಯೋಲೆ ಬಂದರೆ ಹೆಣ್ಣುಗಂಡಿನ ಹೆಸರು ನೋಡುವ ಮೊದಲು ಅಲ್ಪವಿರಾಮ ಹುಡುಕುವರು. ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲು. (ಮಲಗುವಾಗ ಮಾತ್ರ ತೆಗೆದಿಡುತ್ತಾರೆ, ಅದೂ ದಿಂಬಿಗೆ ಬಣ್ಣ ಹತ್ತುತ್ತದೆಂದು ಹೆಂಡತಿ ಗದರಿದ ಮೇಲೆ.)

ಇಂಥವರ ಹೆಂಡತಿಗೆ ಕಥೆ ಬರೆಯುವ ಹುಚ್ಚು ಹತ್ತಿತು. ಆಕೆ ಹೊಲಿಗೆ ಕಲಿಸುತ್ತಿದ್ದ ಟೀಚರು, ಅಳತೆ ಬಲ್ಲವರು. ಫೋನಿನಲ್ಲಿ 'ಐವತ್ತೇ ಪದ' ಎಂಬ ಬಳಗ ಸಿಕ್ಕಿತು. ಅಲ್ಲಿ ಐವತ್ತು ಪದಕ್ಕೆ ಕಥೆ ಮುಗಿಯಬೇಕು. ಐವತ್ತೊಂದಾದರೆ ಬಂದ ದಾರಿಗೆ ಸುಂಕವಿಲ್ಲ. ಬಟ್ಟೆಯ ಅಳತೆ ಬಲ್ಲ ಕೈಗೆ ಮಾತಿನ ಅಳತೆ ಹತ್ತಲಿಲ್ಲ. ಯಾವ ಕಥೆಯೂ ಐವತ್ತನಾಲ್ಕಕ್ಕೆ ಕಡಿಮೆಯಿಲ್ಲ. ಹೀಗಾಗಿ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದು ಗಂಡನ ಮುಂದಿಡುವುದು, ಅವರು ತುಟಿ ಪಿಟಕ್ಕೆನ್ನದೆ ಹೆಚ್ಚಾದ ಪದ ಹೊಡೆದು ಹಿಂದಿರುಗಿಸುವುದು. ಹೇಗಿದೆ ಎಂದು ಕೇಳಿದರೆ ಒಂದೇ ಉತ್ತರ:

"ಈಗ ಐವತ್ತಿದೆ."

ಹೆಂಡತಿ ಕಥೆಯಲ್ಲಿ ಗಂಡನನ್ನು ಕೊಲ್ಲತೊಡಗಿದರು. ಒಂದು ವಾರ ಏಣಿಯಿಂದ ಬಿದ್ದ, ಇನ್ನೊಂದು ವಾರ ಹೃದಯ ನಿಂತಿತು. ಯಜಮಾನರು ಎಲ್ಲ ಸಾವುಗಳನ್ನೂ ಶ್ರದ್ಧೆಯಿಂದ ತಿದ್ದಿದರು. ಐದನೆಯದರಲ್ಲಿ ಮಾತ್ರ ತಲೆಯೆತ್ತಿ, "ಬರೀ ನೆಗಡಿಯಿಂದ ಯಾರೂ ಸಾಯಲ್ಲ. ನ್ಯುಮೋನಿಯಾದಿಂದ ಅಂತ ಬರಿ. ಪದ ಹೆಚ್ಚಾಗಲ್ಲ," ಎಂದರು.

ಎಡವಟ್ಟಾದದ್ದು ಆರನೆಯ ಸಾವಿನಲ್ಲಿ. ಒಂದು ಒಳ್ಳೆಯ ಮಾತೂ ಆಡದೆ ತೀರಿಕೊಂಡ ಗಂಡ, ಅವನ ಕನ್ನಡಕವನ್ನು ಇನ್ನೂ ದಿನಾ ಒರೆಸಿಡುವ ಹೆಂಡತಿ: ಇಷ್ಟೇ ಕಥೆ. ಬಳಗಕ್ಕೆ ಕಳಿಸುವಾಗ 'ಕಲ್ಪನೆ' ಎಂಬಲ್ಲಿ ಒತ್ತುವ ಬದಲು ಆಕೆಯ ಬೆರಳು 'ಸ್ವಂತ ಅನುಭವ' ಎಂಬಲ್ಲಿ ಒತ್ತಿತು. ಬಳಗಕ್ಕೆ ಬಳಗವೇ ಗೊಳೋ ಎಂದಿತು. ತಪ್ಪೊಪ್ಪಿಕೊಳ್ಳುವಷ್ಟರಲ್ಲಿ ಕಥೆ ಬಳಗದ ಮೊದಲ ಪುಸ್ತಕಕ್ಕೆ, ಅನುಭವಗಳ ಭಾಗಕ್ಕೆ, ಆಯ್ಕೆಯಾಗಿತ್ತು. ಅನುಭವ ಸುಳ್ಳೆಂದು ತಿಳಿದರೆ ಕಥೆ ಹೊರಗೆ, ಬರೆದವರೂ ಹೊರಗೆ. ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಹೆಸರು ಅಚ್ಚಾಗುವುದಿತ್ತು. ಆಕೆ ಬಾಯಿಗೆ ಬೀಗ ಹಾಕಿಕೊಂಡರು, ಮನೆಯಲ್ಲೂ.

ಭಾನುವಾರ ಬೆಳಿಗ್ಗೆ ಬಳಗದ ಮುಖ್ಯಸ್ಥೆ, ನಿವೃತ್ತ ನರ್ಸಮ್ಮ, ಹಣ್ಣಿನ ಚೀಲ ಹಿಡಿದು ಸಮಾಧಾನ ಹೇಳಲು ಬಂದರು. ಬಾಗಿಲು ತೆಗೆದವರು ದಿವಂಗತರೇ.

ನರ್ಸಮ್ಮ ಹೊಸ್ತಿಲಲ್ಲೇ ಎಲ್ಲ ಹೇಳಿದರು: ಯಜಮಾನರು ಹೋದದ್ದನ್ನು ಓದಿ ಅತ್ತದ್ದು, ಪುಸ್ತಕಕ್ಕೆ ಅದೇ ಮೊದಲ ಕಥೆಯಾದದ್ದು. ಆಮೇಲೆ ಕೇಳಿದರು, "ನೀವು ಅವರಿಗೆ ಏನಾಗಬೇಕು?"

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕಂಬವಾಗಿದ್ದರು. ಯಜಮಾನರು ಅತ್ತ ಒಮ್ಮೆ ನೋಡಿದರು. ತೊಡಕಿನ ವಾಕ್ಯದ ಮುಂದೆ ನಿಲ್ಲುವಷ್ಟು ಹೊತ್ತು ನಿಂತರು.

"ತೀರಿಕೊಂಡವನ ಅಣ್ಣ."

ಹೆಂಡತಿ ಕಾಫಿಗೆಂದು ಒಳಗೆ ಸರಿದರು.

"ತಮ್ಮನವರೂ ನಿಮ್ಮ ಹಾಗೇ ಇದ್ದರಾ?" ಎಂದರು ನರ್ಸಮ್ಮ, ಕೂರುತ್ತ.

"ಅಚ್ಚು ಒಂದೇ. ಬಾಯಿ ಇನ್ನೂ ಕೆಟ್ಟದು."

ಹೆಂಡತಿ ಕಾಫಿ ತಂದರು. "ಸಕ್ಕರೆ ಹಾಕ್ಲಾ, ರೀ... ಭಾವ?"

"ಮೂರು ಚಮಚ."

(ಗಂಡನಿಗೆ ಡಾಕ್ಟರು ಸಕ್ಕರೆ ಬಿಡಿಸಿ ಆರು ವರ್ಷ. ಭಾವನಿಗೆ ಇಲ್ಲವೆನ್ನುವಂತಿರಲಿಲ್ಲ. ಆಕೆ ಹಲ್ಲು ಕಚ್ಚಿ ಎಣಿಸಿ ಹಾಕಿದರು.)

"ಪಾಪ, ಇವರ ಒಂದು ಕಥೆಯನ್ನಾದರೂ ಓದಿದ್ದರಾ ಅವರು?" ಎಂದರು ನರ್ಸಮ್ಮ.

"ಪ್ರತಿಯೊಂದನ್ನೂ ಎರಡು ಸಲ ಓದ್ತಿದ್ದ."

"ಎರಡು ಸಲ ಯಾಕೆ?"

"ಮೊದಲನೇ ಸಲ ತಿದ್ದೋಕೆ."

ತಟ್ಟೆ ಹಿಡಿದು ಒಳಗೆ ಹೊರಟಿದ್ದ ಹೆಂಡತಿ ತಿರುಗಿ ನೋಡಿದರು. ನರ್ಸಮ್ಮ ಕಣ್ಣೊರೆಸಿಕೊಂಡರು. ಪುಸ್ತಕ ಬಿಡುಗಡೆಯ ದಿನ ತಮ್ಮನನ್ನು ಕುರಿತು ನಾಲ್ಕು ಮಾತಾಡಬೇಕೆಂದು ಅಣ್ಣನನ್ನು ಅಲ್ಲೇ ಒಪ್ಪಿಸಿದರು. ಹೆಂಡತಿಗೆ ಮುಂದಿನದು ಕಣ್ಣಿಗೆ ಕಟ್ಟಿತು: ನಲವತ್ತು ಜನರ ಎದುರು ಗಂಡನನ್ನು ಭಾವ ಎನ್ನುತ್ತ, ಅವರ ತಟ್ಟೆಗೆ ಸಿಹಿ ಬಡಿಸುತ್ತ ನಿಲ್ಲುವುದು.

ಅಷ್ಟರಲ್ಲಿ ನರ್ಸಮ್ಮ ಚೀಲದಿಂದ ಅಚ್ಚಿನ ಕರಡನ್ನು ತೆಗೆದು, ಒಮ್ಮೆ ನೋಡಿಕೊಡಿ ಎಂದು ಆಕೆಗೆ ಚಾಚಿದರು. ನಡುವೆಯೇ ಯಜಮಾನರ ಕೈ ಬಂತು. ಕೆಂಪು ಪೆನ್ಸಿಲು ಕಿವಿಯಿಂದ ಇಳಿಯಿತು.

ಹೆಂಡತಿ ಕರಡಿನತ್ತ ಬಾಗಿದರು. ಆಡಿದ ಸುಳ್ಳು ಗಾಳಿಗೆ ಹೋಗುತ್ತದೆ. ಅಚ್ಚಿನಲ್ಲಿ ತಪ್ಪು ಉಳಿಯಲು ಈ ಮನುಷ್ಯ ಬಿಟ್ಟವರಲ್ಲ. ಕಥೆಯ ಕೆಳಗೆ ದಪ್ಪಕ್ಷರದಲ್ಲಿ ಇತ್ತು: 'ಲೇಖಕಿಯ ಪತಿ ಈಚೆಗೆ ನಿಧನರಾದರು.'

ಯಜಮಾನರು ಕಥೆಯನ್ನು ಓದಿದರು. ಒಂದು ಅಲ್ಪವಿರಾಮ ಹಾಕಿದರು. ಹೆಂಡತಿಯ ಹೆಸರಿನಲ್ಲಿ ಬಿಟ್ಟುಹೋಗಿದ್ದ ದೀರ್ಘವನ್ನು ಒತ್ತಿ ಬರೆದರು. ಪೆನ್ಸಿಲಿನ ಮೊನೆ ಕೊನೆಯ ಸಾಲಿಗೆ ಬಂದು ನಿಂತಿತು. ನಿಂತೇ ಇತ್ತು.

ಆಮೇಲೆ ಆ ಸಾಲನ್ನು ದಾಟಿ, ಕೆಳಗಿನ ಅಂಚಿನಲ್ಲಿ 'ಸರಿಯಿದೆ' ಎಂದು ಬರೆದು, ಕರಡನ್ನು ನರ್ಸಮ್ಮನ ಕೈಗೆ ಕೊಟ್ಟರು.