ತುರ್ತು ಬಾಗಿಲ ಪಕ್ಕದ ಅತ್ತೆ

ಇಡೀ ವಿಮಾನದಲ್ಲಿ ಖಾಲಿ ಉಳಿದದ್ದು ಒಂದೇ ಸೀಟು, ಅದೂ ತುರ್ತು ಬಾಗಿಲ ಪಕ್ಕದ್ದು. ಅದು ಅತ್ತೆಗೆ ಸಿಕ್ಕಿತೆಂದು ತಿಳಿದಾಗ ಗಗನಸಖನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಮುಂದಿನದು ಗೊತ್ತಿದ್ದರೆ ಅಷ್ಟು ಕುಣಿಯುತ್ತಿರಲಿಲ್ಲ.

ಗಗನಸಖ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ವಿಮಾನದಲ್ಲಿ ಕೆಲಸ ಮಾಡುವ ಹೆಂಗಸು ಗಗನಸಖಿಯಾದರೆ ನಮ್ಮ ಭಾವ ಗಗನಸಖನೇ ಅಲ್ಲವೇ ಎಂದು ಹೆಂಡತಿಯ ತಮ್ಮ ಎತ್ತಿದ ಮಾತು ಅಂಟಿಕೊಂಡುಬಿಟ್ಟಿತ್ತು. ರಾತ್ರಿಯೆಲ್ಲ ಹಾರಿ, ಬೆಳಗ್ಗೆ ಮನೆಗೆ ಬಂದು, ಚಿಕ್ಕ ಕೋಣೆಯ ದಪ್ಪ ಪರದೆ ಎಳೆದು ಮಲಗುವುದೊಂದೇ ಅವನಿಗಿದ್ದ ಸುಖ. "ನಾಲ್ಕು ದಿನ ಇದ್ದು ಹೋಗ್ತೀನಿ" ಎಂದು ಬಂದ ಅತ್ತೆ ಆ ಕೋಣೆ ಹಿಡಿದು ಎರಡು ತಿಂಗಳಾಗಿತ್ತು. ಅಂದಿನಿಂದ ಅವನ ವಾಸ ಹಾಲಿನ ಸೋಫಾದ ಮೇಲೆ. ಅತ್ತೆ ಕೆಟ್ಟವರೇನಲ್ಲ. ಅಳಿಯ ಮಲಗಿದ್ದಾನೆಂದು ಟೀವಿಯ ಸದ್ದನ್ನು ಪೂರ್ತಿ ತಗ್ಗಿಸಿ, ಧಾರಾವಾಹಿಯಲ್ಲಿ ಏನಾಗುತ್ತಿದೆಯೆಂದು ಅಡುಗೆಮನೆಯಲ್ಲಿದ್ದ ಮಗಳಿಗೆ ತಾವೇ ಕೂಗಿ ಹೇಳುತ್ತಿದ್ದರು.

ಹೀಗಿರುವಾಗ ಹೆಂಡತಿ ಒಂದು ದಿನ, "ಅಮ್ಮ ಊರಿಗೆ ಹೋಗ್ತಾರಂತೆ, ನಿಮ್ಮ ವಿಮಾನದಲ್ಲೇ ಕಳಿಸಿ" ಎಂದಳು. ಸಿಬ್ಬಂದಿಯ ಮನೆಯವರಿಗೆ ವಿಮಾನದಲ್ಲಿ ಪುಕ್ಕಟೆ ಜಾಗವುಂಟು. ಆದರೆ ಸೀಟು ಖಾಲಿ ಉಳಿದರೆ ಮಾತ್ರ. ಏನಾದರೂ ತಕರಾರಾದರೆ ಮೊದಲು ಇಳಿಸುವುದೂ ಅವರನ್ನೇ. ಇಳಿಸಿದರೆ ಅತ್ತೆ ನೇರ ಚಿಕ್ಕ ಕೋಣೆಗೆ ವಾಪಸ್. ಗಗನಸಖ ಬೆಳಗಿನಿಂದ ಕಂಡ ದೇವರಿಗೆಲ್ಲ ಕೈ ಮುಗಿದಿದ್ದ.

ಹೊರಡುವ ಮುಂಚೆ ಸಿಬ್ಬಂದಿಯೆಲ್ಲ ಒಂದು ಕೋಣೆಯಲ್ಲಿ ಸೇರಬೇಕು. ಮುಖ್ಯಸ್ಥೆ ಒಬ್ಬೊಬ್ಬರಿಗೂ ಸುರಕ್ಷತೆಯ ಬಗ್ಗೆ ಒಂದೊಂದು ಪ್ರಶ್ನೆ ಕೇಳುತ್ತಾರೆ. ತಪ್ಪು ಹೇಳಿದವರು ಅವತ್ತು ಹಾರುವಂತಿಲ್ಲ. ಈ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಅವರು ಕಣ್ಣು ಬಿಟ್ಟರೆ ಪೈಲಟ್ ಕೂಡ ಟೈ ಸರಿಮಾಡಿಕೊಳ್ಳುತ್ತಿದ್ದ.

"ವಿಮಾನ ನೀರಿನ ಮೇಲೆ ಇಳೀತು. ಏನೇನು ಮಾಡ್ತೀಯ, ಹೇಳು" ಎಂದು ದೊಡ್ಡಕ್ಕ ಗಗನಸಖನ ಕಡೆ ತಿರುಗಿದರು.

"ಮೊದಲು ಅತ್ತೇನ ಕಳಿಸ್ತೀನಿ" ಎಂದುಬಿಟ್ಟ ಅವನು.

ಎಲ್ಲರೂ ಗೊಳ್ಳೆಂದು ನಕ್ಕರು. ಅವನು ನಾಲಿಗೆ ಕಚ್ಚಿಕೊಂಡು, ಹೊರಗೆ ನೋಡಬೇಕು, ಬಾಗಿಲು ನೀರಿನ ಮೇಲಿದೆಯೋ ಇಲ್ಲವೋ ತಿಳಿಯಬೇಕು, ತೇಲುವ ಜಾಕೆಟ್ ತೊಡಿಸಬೇಕು ಎಂದು ಉಸಿರು ಬಿಡದೆ ಒಪ್ಪಿಸಿದ. "ಉಳ್ಕೊಂಡೆ ಹೋಗು" ಎಂದರು ದೊಡ್ಡಕ್ಕ.

ಜನ ಹತ್ತಿದರು. ಅತ್ತೆ ತಮ್ಮ ದೊಡ್ಡ ಕೈಚೀಲವನ್ನು ಎದೆಗವಚಿಕೊಂಡು ಬಂದು ಕೂತು, ಕಾಲು ಚಾಚಿ, "ಪರವಾಗಿಲ್ಲ, ನಿಮ್ಮ ಮನೆಗಿಂತ ಇಲ್ಲೇ ಜಾಗ ಜಾಸ್ತಿ" ಎಂದರು.

ತುರ್ತು ಬಾಗಿಲ ಪಕ್ಕ ಜಾಗ ಹೆಚ್ಚು, ಹಾಗೆಯೇ ಕಟ್ಟಳೆಯೂ ಹೆಚ್ಚು. ಅಲ್ಲಿ ಕೂತವರು ಅಪಾಯ ಬಂದರೆ ಬಾಗಿಲು ತೆರೆಯಲು ನೆರವಾಗಬೇಕು. ಅದಕ್ಕೆ ತಯಾರು ಎಂದು ಸಿಬ್ಬಂದಿಯ ಮುಂದೆ ಬಾಯಿಬಿಟ್ಟು ಒಪ್ಪಬೇಕು. ಉಳಿದ ಅತ್ತೆಯರಿಗೆ ಇದು ಕಷ್ಟವಲ್ಲದಿರಬಹುದು. ಈ ಅತ್ತೆ ಮಗಳ ಮದುವೆಯಾದಾಗಿನಿಂದ ಅಳಿಯನ ಒಂದು ಮಾತಿಗೂ ಹೂಂ ಎಂದವರಲ್ಲ.

"ಅತ್ತೆ, ಚೀಲ ಮೇಲಿಡ್ತೀನಿ. ಇಲ್ಲಿ ಕೂತವರು ಏನೂ ಹಿಡ್ಕೊಂಡಿರಬಾರದು."

"ಮೇಲಿಟ್ಟರೆ ನನಗೆ ಹೇಗೆ ಕಾಣುತ್ತೆ?"

"ಯಾಕೆ ಕಾಣಬೇಕು?"

"ನಿಮಗೆ ಗೊತ್ತಾಗಲ್ಲ ಬಿಡಿ."

ಚೀಲ ಮೇಲೆ ಹೋಗುವಷ್ಟರಲ್ಲಿ ಅವನ ಬೆನ್ನು ಒದ್ದೆಯಾಯಿತು. ಆಮೇಲೆ ಅವನು ಬಗ್ಗಿ, ನಯವಾಗಿ, "ಅತ್ತೆ, ಅಪಾಯ ಬಂದ್ರೆ ನಾವು ಹೇಳಿದಾಗ ಈ ಬಾಗಿಲು ತೆಗೆಯೋಕೆ ಸಹಾಯ ಮಾಡ್ತೀರಾ? ಹೂಂ ಅನ್ನಿ ಸಾಕು" ಎಂದ.

"ನೋಡೋಣ."

"ನೋಡೋಣ ಅಲ್ಲ ಅತ್ತೆ. ಹೂಂ ಅನ್ನಬೇಕು."

"ಬಾಗಿಲು ಎಷ್ಟು ಭಾರ? ಯಾವ ಕಡೆಗೆ ತೆರೆಯುತ್ತೆ? ತೆರೆದಮೇಲೆ ಚಪ್ಪಲಿ ಹಾಕ್ಕೊಂಡು ಇಳೀಬೇಕೋ, ಬಿಟ್ಟು ಇಳೀಬೇಕೋ? ಏನೂ ತಿಳೀದೆ ಹೂಂ ಅನ್ನೋಕೆ ನಾನೇನು ನಿಮ್ಮ ಹೆಂಡತೀನಾ?"

ಪಕ್ಕದ ಸೀಟಿನ ದಪ್ಪ ಮೀಸೆಯವನು, "ಅಮ್ಮ ಕೇಳೋದು ನ್ಯಾಯವಾಗಿದೆ" ಎಂದು ತಲೆಯಾಡಿಸಿದ. ಹಿಂದಿನ ಸಾಲಿನ ಹೆಂಗಸು, "ಅವರನ್ನ ಬೇರೆ ಕಡೆ ಕೂರಿಸಿ, ನಾನು ಬರ್ತೀನಿ ಅಲ್ಲಿಗೆ" ಎಂದಳು. ಅತ್ತೆ ಆಕೆಯತ್ತ ತಿರುಗಿ, "ಕೂತ ಜಾಗ ಬಿಟ್ಟುಕೊಡೋ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ" ಎಂದರು. ಅದು ಅಳಿಯನಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ.

ದೊಡ್ಡಕ್ಕ ಬಂದರು. "ಕ್ಯಾಪ್ಟನ್ ಕೇಳ್ತಿದ್ದಾರೆ, ಯಾಕೆ ತಡ ಅಂತ. ಎಲ್ಲ ಸರಿ ಇದೆ ಅಂತ ನಾನು ಹೇಳದೆ ಅವರು ಹೊರಡೋ ಹಾಗಿಲ್ಲ, ನೀನು ಹೇಳದೆ ನಾನು ಹೇಳೋ ಹಾಗಿಲ್ಲ. ಇವರು ಹೂಂ ಅಂದ್ರಾ?"

"ಇನ್ನೇನು ಅಂತಾರೆ."

"ಅನ್ನಲ್ಲ, ಏಳಲ್ಲ ಅಂದ್ರೆ ಇಳಿಸ್ಬೇಕಾಗುತ್ತೆ. ಆಮೇಲೆ ಅವರ ಪೆಟ್ಟಿಗೆ ಹುಡುಕಿ ಕೆಳಗಿಳಿಸ್ಬೇಕು. ಬೇಗ ತೀರ್ಮಾನ ಮಾಡು."

ಗಗನಸಖನ ಕಣ್ಣ ಮುಂದೆ ಚಿಕ್ಕ ಕೋಣೆಯ ಬಾಗಿಲು ಮುಚ್ಚಿಕೊಂಡಂತಾಯಿತು. ಅವನು ನಡುದಾರಿಯಲ್ಲೇ ಮಂಡಿಯೂರಿದ. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಏನು ಕೇಳಬೇಕೋ ಕೇಳಿ. ಆದ್ರೆ ಕೊನೆಗೆ ಒಂದೇ ಒಂದು ಹೂಂ."

"ಹಾಗೆ ದಾರಿಗೆ ಬನ್ನಿ" ಎಂದರು ಅತ್ತೆ.

ಕೇಳಿದರು ನೋಡಿ! ಬೆಲ್ಟು ತಾನಾಗಿ ಬಿಚ್ಚಿಕೊಂಡರೆ? ಮೇಲಿಂದ ಬೀಳುವ ಆಮ್ಲಜನಕದ ಮುಖವಾಡವನ್ನು ಕನ್ನಡಕದ ಮೇಲೆ ಹಾಕಬೇಕೋ ಕೆಳಗೆ ಹಾಕಬೇಕೋ? ಕಟ್ಟಿಸಿದ ಹಲ್ಲು ಬಾಯಲ್ಲಿರಲೋ ಜೇಬಿಗೆ ಹಾಕಲೋ? ಕಿವಿ ಕಟ್ಟಿಕೊಂಡರೆ ಏನು ಮಾಡಬೇಕು? ಅತ್ತೆಯ ಅಷ್ಟೂ ಹಲ್ಲು ಸ್ವಂತದ್ದು, ಅವರ ಸೀರೆಗೆ ಜೇಬಿಲ್ಲ. ಆದರೆ ತಿರುಗಿ ಕೇಳುವ ಧೈರ್ಯ ಯಾರಿಗಿದೆ? ಗಗನಸಖ ಬೆಲ್ಟು ಕಟ್ಟಿ ಬಿಚ್ಚಿ, ಮುಖವಾಡ ತೊಟ್ಟು ಕಳಚಿ, ಹಳದಿ ಜಾಕೆಟ್ಟಿನಲ್ಲಿ ಮದುವಣಿಗನ ಹಾಗೆ ನಿಂತು ತೋರಿಸಿದ. ಯಾವತ್ತೂ ಆ ಪ್ರದರ್ಶನದತ್ತ ಕಣ್ಣೆತ್ತಿ ನೋಡದ ಪ್ರಯಾಣಿಕರು ಅವತ್ತು ಎದ್ದು ನಿಂತು ಇಣುಕಿದರು.

"ಇನ್ನೊಂದು ಸಲ" ಎಂದರು ಅತ್ತೆ. ಇನ್ನೊಂದು ಸಲವೂ ಆಯಿತು.

ಆಮೇಲೆ ಅವರು ಕಣ್ಣು ಮುಚ್ಚಿ, ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ತಪ್ಪದೆ ಹೇಳಿ, ಕಣ್ಣು ತೆರೆದು, "ಹೂಂ" ಎಂದರು. ವಿಮಾನದಲ್ಲಿ ಚಪ್ಪಾಳೆ ಬಿತ್ತು. "ಇವರನ್ನೇ ಕೆಲಸಕ್ಕೆ ಸೇರಿಸ್ಕೊಳ್ಳೋಣ" ಎಂದು ದೊಡ್ಡಕ್ಕ ನಕ್ಕರು.

ಬಾಗಿಲು ಮುಚ್ಚಿತು. ತೆರೆದರೆ ತಾನಾಗಿ ಉಬ್ಬಿಕೊಳ್ಳುವ ಜಾರುಬಂಡೆಯನ್ನು ಅವನು ತನ್ನ ಬಾಗಿಲಿಗೆ ಸಜ್ಜುಮಾಡಿದ. ಎದುರು ಬಾಗಿಲಿನ ಹುಡುಗಿ ಅವನದನ್ನು ನೋಡಿ ಹೆಬ್ಬೆರಳೆತ್ತಿದಳು, ಅವಳದನ್ನು ಇವನು ನೋಡಿ ಎತ್ತಿದ. ಎಲ್ಲ ಸರಿ ಎಂಬ ಮಾತು ದೊಡ್ಡಕ್ಕನಿಗೆ ಹೋಯಿತು, ಅಲ್ಲಿಂದ ಕ್ಯಾಪ್ಟನ್‌ಗೆ ಹೋಯಿತು. ವಿಮಾನ ನಿಧಾನವಾಗಿ ಹಿಂದೆ ಸರಿಯಿತು.

ಗಗನಸಖ ತನ್ನ ಮಡಚುವ ಸೀಟನ್ನು ಇಳಿಸಿ ಕೂತು, ಬೆಲ್ಟು ಬಿಗಿದ. ಆ ಸೀಟು ಅತ್ತೆಗೆ ಮುಖಾಮುಖಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಇರಲಿ, ಇನ್ನೆಷ್ಟು ಹೊತ್ತು! ಅವನಿಗೆ ಅತ್ತೆಯ ಮೇಲೆ ನಿಜವಾಗಿಯೂ ಪ್ರೀತಿ ಉಕ್ಕಿತು.

"ಸುಸ್ತಾಯ್ತಾ ಅಳಿಯಂದ್ರೇ? ಪಾಪ, ಎಷ್ಟು ಚೆನ್ನಾಗಿ ಹೇಳಿಕೊಟ್ರಿ."

"ಅದಕ್ಕೇನು ಅತ್ತೆ, ನನ್ನ ಕೆಲಸ. ಆದ್ರೂ ಹಲ್ಲಿನ ವಿಷಯ ಯಾಕೆ ಕೇಳಿದ್ರಿ?"

"ನನಗಲ್ಲಪ್ಪ, ನಿಮ್ಮ ಮಾವನಿಗೆ. ವಿಮಾನ ಅಂದ್ರೆ ನಡುಗ್ತಾರೆ. ಎರಡು ತಿಂಗಳಿಂದ ಫೋನಲ್ಲಿ ಕರೀತಾನೇ ಇದ್ದೀನಿ. ಕೊನೆಗೆ, ನೀನು ಒಂದು ಸಲ ಕೂತು, ನಾನು ಕೇಳಿದ್ದಕ್ಕೆಲ್ಲ ಉತ್ತರ ತಂದು ಒಪ್ಪಿಸು, ಆಮೇಲೆ ಬರ್ತೀನಿ ಅಂದ್ರು. ಈಗ ಎಲ್ಲ ಬಾಯಿಪಾಠ ಆಯ್ತಲ್ಲ, ಬರದೆ ಎಲ್ಲಿ ಹೋಗ್ತಾರೆ?"

"ಬರ್ತೀನಿ ಅಂದ್ರೆ... ಎಲ್ಲಿಗೆ?"

"ನಿಮ್ಮನೆಗೆ! ನಾಳೇನೇ ಇಬ್ಬರೂ ವಾಪಸ್. ನಿಮ್ಮ ಹೆಂಡತಿ ನಿಮ್ಮ ಫೋನಿಂದಲೇ ಟಿಕೆಟ್ ಮಾಡಿಸಿಟ್ಟಿದ್ದಾಳೆ. ನಿಮಗೆ ಹೇಳಿದ್ಲಂತಲ್ಲ, ನೀವು ಸೋಫಾದಲ್ಲಿ ಮಲಗಿದ್ದೋರು ಹೂಂ ಹೂಂ ಅಂದ್ರಂತೆ."

ಗಗನಸಖ ಎದ್ದು ನಿಲ್ಲಲು ನೋಡಿದ. ಬೆಲ್ಟು ಬಿಡಲಿಲ್ಲ. ಓಡುದಾರಿಯ ಮೇಲೆ ವಿಮಾನ ಆಗಲೇ ವೇಗ ಹಿಡಿದಿತ್ತು.

"ಆ ಚಿಕ್ಕ ಕೋಣೇಲಿ ಇಬ್ಬರು ಹೇಗೆ ಅತ್ತೆ..." ಎಂದು ತೊದಲಿದ.

"ಅಯ್ಯೋ, ಅವರ ಗೊರಕೆಗೆ ನನಗೆ ನಿದ್ದೆ ಬರಲ್ಲಪ್ಪ" ಎಂದರು ಅತ್ತೆ, ಚಕ್ರಗಳು ನೆಲ ಬಿಟ್ಟ ಹೊತ್ತಿಗೆ ಸರಿಯಾಗಿ. "ಅವರಿಗೆ ಸೋಫಾನೇ ಆಗಬೇಕು."