ಕಾಕಾನ ಖಾಲಿ ಕುರ್ಚಿ ಮೇಳ

ನಮ್ಮ ಕಾಕಾ ದೊಡ್ಡ ಸಂಗೀತಗಾರ. ಹೀಗೆಂದು ನಾನು ಹೇಳುತ್ತಿಲ್ಲ, ಅವನೇ ಹೇಳಿಕೊಳ್ಳುತ್ತಾನೆ. ಶಹಾಪುರದಿಂದ ಸುರಪುರದವರೆಗೆ ಈ ಮಾತು ಒಪ್ಪುವ ಇನ್ನೊಬ್ಬರು ಸಿಕ್ಕರೆ ಹೇಳಿ, ಅವರ ಕಿವಿ ಪರೀಕ್ಷೆಯ ಖರ್ಚು ನನ್ನದು!

ಅವನದು ವೆಲ್ಡಿಂಗ್ ಅಂಗಡಿ. ಟ್ರಾಲಿ, ಕಿಟಕಿ ಮಾಡಿಕೊಂಡು ಸುಮ್ಮನಿರಬಹುದಿತ್ತಲ್ಲವೇ? ಇಲ್ಲ. ಹಲಗೆ ಬಾರಿಸುವ ಗೆಳೆಯನನ್ನೂ ಪಕ್ಕದ ಪಂಚರ್ ಅಂಗಡಿಯವನನ್ನೂ ಸೇರಿಸಿಕೊಂಡು ಮೇಳ ಕಟ್ಟಿದ. ವಾದ್ಯಗಳೇನೆಂದು ಕೇಳಿ: ಡಾಂಬರಿನ ಡ್ರಮ್ಮು, ಟ್ರ್ಯಾಕ್ಟರಿನ ರಿಮ್ಮು, ಗುಜರಿಯಲ್ಲಿ ಸಿಕ್ಕ ಹಳೇ ಕೆನಾಲ್ ಗೇಟಿನ ತಗಡು. ಆ ತಗಡಿಗೆ ಕಾಕಾ ಗ್ರೈಂಡರ್ ಹಿಡಿಯುತ್ತಾನೆ. ಅದು ಆಲಾಪವಂತೆ.

ಮೇಳದ ಮುಂದೆ ಎರಡಾಳೆತ್ತರದ ಕಬ್ಬಿಣದ ಕುರ್ಚಿ. ಅದಕ್ಕೆ ಬಂಗಾರದ ಬಣ್ಣ, ಶಾಲು, ಹಾರ; ಕೂತವರು ಮಾತ್ರ ಯಾರೂ ಇಲ್ಲ. ಮೂವರೂ ಬಿಳಿ ಟೊಪ್ಪಿಗೆ, ಕರಿ ಕನ್ನಡಕ ಹಾಕಿಕೊಂಡು ಆ ಖಾಲಿ ಕುರ್ಚಿಗೆ ಸಲಾಮು ಹೊಡೆದು, ಹೂ ಎರಚಿ, ಶುರು ಹಚ್ಚಿಕೊಳ್ಳುತ್ತಾರೆ. ಒಮ್ಮೆ ಅಬ್ಬೆತುಮಕೂರಿನ ಮಠಕ್ಕೆ ಹೊರಟಿದ್ದ ಮುದುಕಿಯೊಬ್ಬಳು ಅದರ ಮುಂದೆ ಕಾಯಿಯನ್ನೇ ಒಡೆದುಬಿಟ್ಟಳು.

"ಇದು ಯಾವ ದೇವ್ರಪಾ?"

"ವೋಟ್ ಹಾಕಿದ ಮ್ಯಾಲ ಕಣ್ಣಿಗಿ ಕಾಣದ ದೇವ್ರವ್ವಾ," ಎಂದ ಪಂಚರ್ ಅಂಗಡಿಯವ.

ಇದೆಲ್ಲ ನಡೆಯುವುದು ಎಲ್ಲಿ? ನಾನು ಗುಮಾಸ್ತೆಯಾಗಿರುವ ಕಾಲುವೆ ಕಚೇರಿಯ ಗೇಟಿನೆದುರು! ಕಾಕಿಯ ತವರಿನ ಹೊಲ ಗೋಗಿಯ ಆಚೆ, ನಾಲೆಯ ಕಟ್ಟಕಡೆಗೆ. ಮೇಲಿನವರ ಭತ್ತ ನೀರಲ್ಲಿ ಈಜಾಡುತ್ತದೆ, ಇವರ ಮೆಣಸಿನ ಗಿಡಕ್ಕೆ ನಾಲಿಗೆ ತೊಯ್ಯುವಷ್ಟೂ ಬರುವುದಿಲ್ಲ. ಮೊದಲ ನೀರಿಗೆ ಉಡಿ ತುಂಬಬೇಕೆಂದು ಕಾಕಿ ಪ್ರತಿ ವರ್ಷ ಹಸಿರು ಕುಬಸ, ಅರಿಸಿನ, ಕೊಬ್ಬರಿ ತೆಗೆದಿಡುತ್ತಾಳೆ. ಕೊನೆಗೆ ಆ ಕೊಬ್ಬರಿಯನ್ನು ನಾವೇ ಬೆಲ್ಲ ಹಚ್ಚಿಕೊಂಡು ತಿನ್ನುತ್ತೇವೆ.

"ಕಾಕಾ, ಸುಮ್ನ ಒಂದು ಅರ್ಜಿ ಕೊಡು. ನನ್ನ ನೌಕರಿಗಿ ಕುತ್ತ ತರಬ್ಯಾಡ," ಎಂದು ಒಂದು ದಿನ ಅವನ ಮುಂದೆ ನಿಂತು ಜಬರಿಸಿದೆ.

"ಅರ್ಜಿ ಓದಾಕ ಕುರ್ಚಿ ಮ್ಯಾಲ ಮನಷ್ಯಾ ಇರಬೇಕವ್ವಾ. ಖಾಲಿ ಕುರ್ಚಿಗಿ ಕಬ್ಬಿಣದ ಭಾಷಾನೇ ತಿಳೀತದ," ಎಂದು ಇಡೀ ಕಚೇರಿಗೆ ಕೇಳುವಂತೆ ಕಿರುಚಿದ. ಸಾಹೇಬರು ಕಿಟಕಿ ಮುಚ್ಚಿಸಿ ನನ್ನ ಕಡೆ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಇಷ್ಟಕ್ಕೇ ಮುಗಿಯಿತೇ? ಸುರಪುರದ ಮುಖಂಡರೊಬ್ಬರು ಈ ಕುರ್ಚಿ ತಮ್ಮ ಸನ್ಮಾನಕ್ಕೆಂದೇ ಮಾಡಿಸಿದ್ದೆಂದು ತಿಳಿದು, ಮೆರವಣಿಗೆಗೆ ಮೇಳವನ್ನು ಕರೆಸಿ, ನಿಚ್ಚಣಿಕೆ ಏರಿ ಕೂತೇಬಿಟ್ಟರು. ಹಲಗೆಯವನು ಆ ಕಬ್ಬಿಣದ ನಿಚ್ಚಣಿಕೆಯನ್ನು ತೆಗೆದು, ಅಡ್ಡ ಹಾಕಿ, ಅದನ್ನೂ ಬಾರಿಸತೊಡಗಿದ. ಮೇಲೆ ಮುಖಂಡರು ಎರಡೂ ಕೈ ಎತ್ತಿ "ಇಳಸ್ರಪೋ" ಎಂದು ಬಾಯಿ ಬಡಿದುಕೊಳ್ಳುತ್ತಿದ್ದಾರೆ; ಕೆಳಗೆ ಕಾಕಾ ಸಲಾಮು ಹೊಡೆದು ಗ್ರೈಂಡರನ್ನು ಇನ್ನಷ್ಟು ಒತ್ತುತ್ತಿದ್ದಾನೆ! ಬಜಾರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಅಷ್ಟ ಒದರಿದ್ರೂ ಇಳಸಲಿಲ್ಲಲ್ಲ ಕಾಕಾ," ಎಂದು ಮನೆಗೆ ಬಂದವನಿಗೆ ಬೈದೆ.

"ಭಾಷಣ ಮಾಡಾಕತ್ತಾನಂತ ತಿಳಕೊಂಡಿನವ್ವಾ," ಎಂದ. ಎಂಥ ಸೊಕ್ಕು ನೋಡಿ!

ಕೊನೆಗೆ ನಮ್ಮ ಸಾಹೇಬರಿಗೇ ಸಾಕಾಗಿರಬೇಕು, ಈ ಸಲ ಮೇಲಿನವರ ಗೇಟುಗಳನ್ನು ಇಳಿಸಿ ಮುಚ್ಚಿಸಿದರು. ಕಡೆಯ ಹೊಲಕ್ಕೂ ನೀರು ಬಂತು. ಮೇಳ ಗ್ಯಾರಂಟಿ ಎಂದುಕೊಂಡು ನಾನು ಕಿವಿಗೆ ಹತ್ತಿ ತುರುಕಿಕೊಂಡೇ ಹೋದೆ. ಕಾಕಿ ಕೆಂಪು ನೀರಿಗೆ ಉಡಿ ತುಂಬುತ್ತಿದ್ದಳು. ಕಾಕಾ ಮಾತ್ರ ಬರಿಗೈಲಿ ಬಂದು, ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ನೀರಿಗೆ ಕೈ ಒಡ್ಡಿದ್ದ.

"ಯಾಕ ಕಾಕಾ, ಇವತ್ತ ಬಾರ್ಸಂಗಿಲ್ಲೇನು?" ಬೆನ್ನ ಹಿಂದೆ ನಿಂತು ಕೇಳಿದೆ. ಅವನು ತಿರುಗಿಯೂ ನೋಡಲಿಲ್ಲ. ಸಿಟ್ಟು ಬಂದು ಎದುರಿಗೆ ಹೋಗಿ ಮತ್ತೆ ಕೇಳಿದೆ. ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ.

"ನೀರು ಹ್ಯಾಂಗ ಸಪ್ಪಳ ಮಾಡಾಕತ್ತದ, ಹೇಳವ್ವಾ," ಎಂದ. "ಗ್ರೈಂಡರ್ ನನ್ನ ಕಿವಿ ತಿಂದು ಹಾಕ್ಯದ. ನಿಮ್ಮ ಕಾಕಿಗಿ ಹೇಳಬ್ಯಾಡ."

ಕಿವಿಯ ಹತ್ತಿ ಕಿತ್ತು ಬಿಸಾಕಿದೆ. ಅವನ ಕಿವಿಗೆ ಬಾಯಿ ಹಚ್ಚಿ, "ಗುಳುಗುಳು ಅನ್ನಾಕತ್ತದ ಕಾಕಾ," ಎಂದೆ.

"ಆಂ?"

ಕಾಲುವೆ ಕಚೇರಿಯ ಗುಮಾಸ್ತೆ ನಾನು, ನಡು ಹೊಲದಲ್ಲಿ ಗಂಟಲು ಹರಿಯುವಂತೆ "ಗುಳುಗುಳು" ಎಂದು ಕೂಗಿದೆ. ಕಾಕಿ ಗಾಬರಿಯಾಗಿ ತಿರುಗಿ ನೋಡಿದಳು.

ಕಾಕಾ ಕಣ್ಣು ಮುಚ್ಚಿಕೊಂಡ. "ಇನ್ನಾ ಜೋರ," ಎಂದ.

ನಾನು ಕೂಗುತ್ತಲೇ ಇದ್ದೆ. ಅವನು ಬದುವಿನ ಹಸಿ ಮಣ್ಣಿನ ಮೇಲೆ ಬೆರಳಿಂದ ಮೆಲ್ಲಗೆ ತಾಳ ಹಾಕುತ್ತಿದ್ದ.